ಗೆರೆ ಸವೆದ ಬೆರಳು

ಯಂತ್ರದಲ್ಲಿ ಬೆರಳಚ್ಚು ಮೂಡದವರ ಹೆಸರು ಮತದಾರರ ಪಟ್ಟಿಗೆ ಸೇರುವುದಿಲ್ಲ ಎಂದು ರಾಮನಗರದ ಆ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಬೆರಳಚ್ಚು ಮೂಡದಿದ್ದರೆ ಅಕ್ಕಿ ಕೊಡದ ರೇಷನ್ ಅಂಗಡಿ ಕಲಿಸಿದ ಪಾಠ ಅದು. ಆ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವವರೇ ಹೆಚ್ಚು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ.

ಕಂಪ್ಯೂಟರಿನಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಅಲ್ಲಿನ ಅಂಗಡಿಯೊಂದಕ್ಕೆ ನಾನು ಜೆರಾಕ್ಸ್ ಮಾಡಿಸಲು ಹೋಗಿದ್ದೆ. ಅಂಗಡಿಯವನು ಜಬೀನಾ ಎಂಬ ಹೆಂಗಸಿನ ಹೆಬ್ಬೆಟ್ಟನ್ನು ಒರೆಸಿ ಒರೆಸಿ ಯಂತ್ರಕ್ಕೆ ಒತ್ತಿಸುತ್ತಿದ್ದ.

"ಬತ್ತಾ ಇಲ್ಲ ಕಣಕ್ಕ. ಒಸಿ ದಿನ ನೂಲು ತೆಗೆಯೋದು ಬುಟ್ಟು ಬನ್ನಿ."

"ಹೋದ ಎಲೆಕ್ಷನ್‌ಗೂ ಇದೇ ಹೇಳಿ ಕಳಿಸಿದ್ರಿ. ಕೆಲ್ಸ ಬಿಟ್ರೆ ಮನೆಗೆ ಅಕ್ಕಿ ನೀವು ತಂದಾಕ್ತೀರಾ? ಈ ಸಲ ಹೆಸರು ಸೇರಿಸದೆ ನಾನು ಏಳಲ್ಲ." ಆಕೆ ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಭದ್ರವಾಗಿ ಕೂತಳು.

"ಬೆರಳು ಕೇಳಿದ್ದು ಯಾರು?" ಎಂದೆ ಅವನಿಗೆ.

"ಸಿಸ್ಟಮ್ ಸಾರ್."

"ಎಲ್ಲಿ ಕೇಳೈತೆ, ತೋರಿಸಿ."

ಕಂಪ್ಯೂಟರಿನಲ್ಲಿ ಅರ್ಜಿಯ ಪುಟವನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸಿದ. ಬೆರಳಚ್ಚಿನ ಮಾತು ಎಲ್ಲೂ ಸಿಗಲಿಲ್ಲ. "ನೀವು ಎಲೆಕ್ಷನ್ ಆಫೀಸ್‌ನೋರಾ?"

"ಅಲ್ಲ. ಜೆರಾಕ್ಸ್‌ಗೆ ಕಾಯ್ತಾ ಇರೋನು."

"ಯಾವ ಕೆಲ್ಸಕ್ಕಾದ್ರೂ ಮೊದ್ಲು ಬೆರಳು ತಗೋತೀವಿ ಸಾರ್. ಅಭ್ಯಾಸ ಆಗ್ಬುಟ್ಟದೆ."

ಜಬೀನಾ ಅವನ ಯಂತ್ರವನ್ನು ಪಕ್ಕಕ್ಕೆ ತಳ್ಳಿದಳು. "ಬರ್ಕೊಳ್ಳಿ ನನ್ನ ಹೆಸರು."

ಬರೆದುಕೊಂಡ. ಸಂಜೆಯ ಹೊತ್ತಿಗೆ ಅರ್ಧ ಬೀದಿ ಅವನ ಅಂಗಡಿಯ ಮುಂದೆ ನಿಂತಿತ್ತು. ನನ್ನ ಜೆರಾಕ್ಸ್ ಆಗಲೇ ಇಲ್ಲ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು ಯಂತ್ರಕ್ಕೆ ಬೆರಳು ಒತ್ತಬೇಕೆಂಬ ನಿಯಮವೇ ಇಲ್ಲ.