ನಮ್ಮ ಟೀಚರ ತೆಲುಗು

ಮೊನ್ನೆ ಮಗಳ ಜೊತೆ ತವರಿಗೆ ಹೊರಟಿದ್ದೆ. ಬಸ್ಸು ಚಳ್ಳಕೆರೆ ಹೊಕ್ಕದ್ದೇ ತಡ, ಎಣ್ಣೆ ಮಿಲ್ಲುಗಳ ಕಡೆಯಿಂದ ಬಿಸಿ ಶೇಂಗಾ ಹಿಂಡಿಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಮಗಳು ಮೂಗು ಮುಚ್ಚಿಕೊಂಡಳು. ನಾನು ಎದೆ ತುಂಬ ಎಳೆದುಕೊಂಡೆ. ನಿಮಗೆ ನಗು ಬಂದೀತು, ನನಗದು ನಮ್ಮ ಷಂಶಾದ್ ಟೀಚರ ವಾಸನೆ. ಅವರ ಮನೆ ಮಿಲ್ಲೊಂದರ ಹಿಂದೆಯೇ ಇತ್ತು. ಬೆಳಗಿನ ಬಸ್ಸಿಗೆ ಬಿ.ಜಿ. ಕೆರೆ ಹತ್ತಿರದ ನಮ್ಮ ಶಾಲೆಗೆ ಅವರು ಬರುವಾಗ ಸೀರೆಯ ಜೊತೆ ಆ ವಾಸನೆಯೂ ಬರುತ್ತಿತ್ತು.

ತೊಂಬತ್ತರ ದಶಕದ ಮಾತು. ನಮ್ಮದು ಕುರಿ ಮೇಯಿಸುವವರ ಹಟ್ಟಿ, ಮನೆಮಾತು ತೆಲುಗು. ತರಗತಿಯಲ್ಲಿ ಮಿಕ್ಕ ಮಕ್ಕಳದೆಲ್ಲ ಕನ್ನಡ. ಒಂದು ದಿನ ಬಾಯಾರಿ, "ಟೀಚರ್, ನೀಳ್ಳು" ಎಂದುಬಿಟ್ಟೆ. ತರಗತಿಗೆ ತರಗತಿಯೇ ನಕ್ಕಿತು. ಆಮೇಲೆ ನನ್ನ ಹೆಸರೇ 'ನೀಳ್ಳು' ಆಯಿತು. ನನಗೋ ಮಾನವೇ ಹೋದಂತಾಯಿತು. ಶಾಲೆ ಬಿಟ್ಟು ಕುರಿಗಳ ಹಿಂದೆ ಹೊರಟೆ. ಅವೇನೂ ನನ್ನ ಮಾತಿಗೆ ನಗುತ್ತಿರಲಿಲ್ಲ. ಕೆಲಸಕ್ಕೊಂದು ಕೈ ಸಿಕ್ಕಿತೆಂದು ಅಜ್ಜಿಗೂ ಸಂತೋಷವೇ.

ಕೆಲವು ದಿನ ಕಳೆದಿರಬೇಕು. ಉರಿಬಿಸಿಲಲ್ಲಿ ಟೀಚರು ಹಟ್ಟಿಗೇ ನಡೆದು ಬಂದರು. ನಮ್ಮಲ್ಲಿಗೆ ಹೊರಗಿನವರು ಬರುವುದೇ ಅಪರೂಪ, ಮುಸಲ್ಮಾನರ ಹೆಂಗಸಂತೂ ಬಂದದ್ದೇ ಇಲ್ಲ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ನಾನು ಕಂಬದ ಹಿಂದೆ. ಉರ್ದು ಮನೆಮಾತಿನ ಟೀಚರು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದರಂತೆ. ಕೈಮುಗಿದು, ಬಲು ಗಂಭೀರವಾಗಿ ಹೇಳಿದರು:

"ಮೀ ಪಿಲ್ಲಿನಿ ಬಡಿಕಿ ಪಂಪಂಡಿ."

ತೆಲುಗಿನಲ್ಲಿ ಪಿಲ್ಲ ಎಂದರೆ ಹುಡುಗಿ, ಪಿಲ್ಲಿ ಎಂದರೆ ಬೆಕ್ಕು. ನಿಮ್ಮ ಬೆಕ್ಕನ್ನು ಶಾಲೆಗೆ ಕಳಿಸಿ ಎಂದಿದ್ದರು!

ಅಜ್ಜಿ ಒಂದು ಗಳಿಗೆ ಪಿಳಿಪಿಳಿ ನೋಡಿದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು, ತನಗೆ ಬರುವ ಕನ್ನಡದಲ್ಲೇ ಅಂದಳು:

"ಯವ್ವಾ, ನಮ್ಮನೇಲಿ ಬೆಕ್ಕೇ ಇಲ್ಲ ಕಣವ್ವ! ಇವ್ಳೊಬ್ಳು ಐದಾಳೆ, ಕರ್ಕಂಡ್ ಹೋಗು."

"ಅಯ್ಯೋ, ಏನಂದೆ ನಾನು?" ಎಂದು ಕೇಳಿ ತಿಳಿದುಕೊಂಡು ಟೀಚರೂ ನಕ್ಕರು. "ಬಿಸ್ಲಾಗೆ ಬಂದೀಯ, ಕೂತ್ಕ" ಎಂದ ಅಜ್ಜಿ, ತಾತನ ಚೊಂಬಿನಲ್ಲೇ ಮಜ್ಜಿಗೆ ತಂದುಕೊಟ್ಟಳು. ಆ ಚೊಂಬನ್ನು ನಮಗೂ ಮುಟ್ಟಗೊಡುತ್ತಿರಲಿಲ್ಲ.

ಮರುದಿನ ಟೀಚರು ತಮ್ಮ ಬೆಕ್ಕಿನ ಕತೆಯನ್ನು ತಾವೇ ತರಗತಿಗೆ ಹೇಳಿದರು. ಎಲ್ಲರೂ ಬಿದ್ದುಬಿದ್ದು ನಕ್ಕಾದ ಮೇಲೆ ನನ್ನ ಕಡೆ ತಿರುಗಿ, "ಇವತ್ತಿಂದ ನನ್ ತೆಲುಗು ನೀನು ತಿದ್ದು, ನಿನ್ ಕನ್ನಡ ನಾನು ತಿದ್ತೀನಿ" ಎಂದರು. ಬೋರ್ಡಿನ ಮೇಲೆ ನೀರು, ನೀಳ್ಳು, ಪಾನಿ ಎಂದು ಬರೆದರು. ಮಂಗಳೂರು ಕಡೆಯಿಂದ ಬಂದಿದ್ದ ಹೆಡ್‌ಮಾಸ್ಟರು ನಗು ಕೇಳಿ ಬಾಗಿಲಲ್ಲಿ ಇಣುಕಿ, "ನಮ್ಮ ತುಳುವಿನಲ್ಲಿ ನೀರ್ ಮಾರಾಯ್ರೆ, ಅದನ್ನೂ ಬರೆಯಿರಿ" ಎಂದರು. ಅಂದಿನಿಂದ ಹುಡುಗರು ನಾಲ್ಕು ಭಾಷೆಯಲ್ಲೂ ನೀರು ಕೇಳತೊಡಗಿದರು. ನನ್ನನ್ನು 'ನೀಳ್ಳು' ಎಂದು ಕರೆದವರೇ 'ನೀಳ್ಳು ಕೊಡಿ ಟೀಚರ್' ಎನ್ನುವಾಗ, ಆ ಹೆಸರಿನಲ್ಲಿ ಚುಚ್ಚುವುದಕ್ಕೆ ಏನು ಉಳಿಯಿತು?

ಬಸ್ಸು ಚಳ್ಳಕೆರೆ ದಾಟಿತ್ತು. ದಾವಣಗೆರೆಯಲ್ಲೇ ಬೆಳೆದ ಮಗಳು ಮೆಲ್ಲಗೆ ಹೇಳಿದಳು: "ಅಮ್ಮ, ಅಲ್ಲಿ ನಾನು ತೆಲುಗು ಮಾತಾಡಲ್ಲ. ಎಲ್ರೂ ನಗ್ತಾರೆ."

ಇಷ್ಟು ದಿನ 'ಸರಿಯಾಗಿ ಕಲಿ' ಎಂದು ಗದರುತ್ತಿದ್ದೆ.

"ನಗ್ಲಿ ಬಿಡು. ಊರಲ್ಲಿ ನಿಮ್ಮಜ್ಜಿಗೆ ಏನ್ ಹೇಳ್ತೀಯಾ, ಹೇಳು ನೋಡಾಣ."

ಅವಳು ತಡವರಿಸುತ್ತಾ ಒಂದು ವಾಕ್ಯ ಹೇಳಿದಳು. ಅದರಲ್ಲಿ ಎರಡು ತಪ್ಪಿದ್ದವು. ನಮ್ಮವ್ವನಿಗೆ ನಗುವುದಕ್ಕೆ ಇರಲಿ ಎಂದು ಹಾಗೇ ಬಿಟ್ಟೆ.