ಕಳ್ಳರಿಗೆಂದು ಹಾಕಿದ ಕನ್ನಡಿ

ಸ್ನೇಹಿತರೇ, ಇವತ್ತು ಮಳವಳ್ಳಿಯ ನಮ್ಮ ಬಟ್ಟೆ ಅಂಗಡಿಗೆ ಕ್ಯಾಮೆರಾ ಹಾಕಲು ಬಂದ ಮೆಕ್ಯಾನಿಕ್ ಏಣಿ ಹತ್ತಿ, ಮೂಲೆಯಲ್ಲಿ ಓರೆಯಾಗಿ ತೂಗುತ್ತಿದ್ದ ಹಳೆಯ ಕನ್ನಡಿಗೆ ಕೈ ಹಾಕಿದ. "ಇದ್ನ ಬಿಚ್ಬುಡ್ಲಾ ಅಣ್ಣ?"

ಅದು ಎಪ್ಪತ್ತರ ದಶಕದಲ್ಲಿ ಅಪ್ಪ ಹಾಕಿದ್ದು. ಸೀರೆ ಕದಿಯುವವರ ಮೇಲೆ ಕಣ್ಣಿಡಬೇಕೆಂದು ತಾತನನ್ನು ಒಪ್ಪಿಸಿ ಮಂಡ್ಯದಿಂದ ತಂದಿದ್ದರಂತೆ. ಅಪ್ಪ ಹೋಗಿ ಮೂರು ವರ್ಷವಾಯಿತು.

ಮೆಕ್ಯಾನಿಕ್ ಇಳಿದು, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಕನ್ನಡಿ ನೋಡಿ ನಕ್ಕ. "ಅಣ್ಣ, ಇದ್ರಲ್ಲಿ ಒಂದು ಸೀರೆನೂ ಕಾಣಾಕಿಲ್ಲ. ನಿಮ್ಮ ಅಡುಗೆಮನೆ ಬಾಗ್ಲು ಮಾತ್ರ ಕಾಣ್ತದೆ!"

ಅಂಗಡಿಯ ಹಿಂದೆಯೇ ನಮ್ಮ ಮನೆ. ಆ ಬಾಗಿಲಲ್ಲಿ ನಿಂತಿದ್ದ ಅವ್ವ, "ಅದ್ನ ಮುಟ್ಬೇಡ ಕಣಪ್ಪ" ಎಂದಳು.

ನಾನು ರೇಗಿದೆ. "ಕಳ್ಳರು ಕಾಣದ ಕನ್ನಡಿ ಯಾಕವ್ವ?"

"ಕಳ್ರನ್ನ ನೋಡಕ್ಕೆ ಅಂತ ಯಾರ್ಲಾ ಆಕಿದ್ರು? ಮದ್ವೆಯಾದ ಒಸದ್ರಲ್ಲಿ ನಿಮ್ ತಾತ ದಿನವೆಲ್ಲಾ ಇಲ್ಲೇ ಕೂತಿರೋರು. ಅವ್ರ ಮುಂದೆ ನಾವು ಮಾತಾಡಂಗಿತ್ತಾ? ನಾನು ಬಾಗ್ಲಿಗೆ ಬಂದ್ರೆ ನಿಮ್ಮಪ್ಪ ಅದ್ರೊಳ್ಗೆ ನೋಡಿ ನಗಾಡೋರು."

ಅವ್ವ ಮೊದಲ ಸಲ ಅಪ್ಪನ ಜಾಗದಲ್ಲಿ ಕೂತಳು. ಕನ್ನಡಿಯಲ್ಲಿ ಬಾಗಿಲು ಖಾಲಿಯಿತ್ತು. "ಓಗ್ಲಾ, ಅಲ್ಲಿ ನಿಂತ್ಕೊ."

ಹೋಗಿ ನಿಂತೆ. ಅವ್ವ ಬಹಳ ಹೊತ್ತು ನೋಡಿದಳು. "ಇಷ್ಟು ಚಿಕ್ಕದಾಗಿ ಕಾಣ್ತಿದ್ನಾ ನಾನು? ಆದ್ರೂ ನೋಡೋರು ಪಾಪ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕನ್ನಡಿಯನ್ನು ಹಾಗೇ ಬಿಟ್ಟು ಪಕ್ಕದ ಗೋಡೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದಾಯಿತು. ಟಿವಿಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿದೆ. ಬರೀ ಸೀರೆಗಳು.