ಗುಡ್ಡಕ್ಕೆ ಕೆನ್ನೆಯಿಟ್ಟ ನೀಲಾವತಿ

ಸಿದ್ಧಕಟ್ಟೆ ಬಳಿಯ ಗುಡ್ಡದ ಮೇಲೆ ಬೆಳ್ಳಂಬೆಳಗ್ಗೆ ಹೆಂಗಸೊಬ್ಬರು ಬೋರಲಾಗಿ ಬಿದ್ದಿದ್ದಾರೆ. ಓಡಿಹೋಗಿ ಭುಜ ಅಲುಗಿಸಿದರೆ, "ಸ್ವಲ್ಪ ಸುಮ್ಮನಿರಿ ಮಾರಾಯ್ರೆ, ಕೆಳಗೆ ಇವರು ಬಡೀತಾ ಇದ್ದಾರೆ" ಎಂದು ನನ್ನನ್ನೇ ಗದರಿಸುತ್ತಾರೆ.

ಇವರು ನೀಲಾವತಿ. ಗಂಡ ಶಂಭು ನೀರಿಗಾಗಿ ಗುಡ್ಡದ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆಯುವವರು. ಅವರು ಒಳಗಿನಿಂದ ಹಾರೆಯಲ್ಲಿ ಮೂರು ಸಲ ಬಡಿಯುತ್ತಾರೆ. ನೀಲಾವತಿ ಮೇಲೆ ನೆಲಕ್ಕೆ ಕೆನ್ನೆಯಿಟ್ಟು, ಅದುರುವಿಕೆ ಎಲ್ಲಿ ಜೋರಾಗಿದೆಯೋ ಅಲ್ಲೊಂದು ಕಲ್ಲಿಡುತ್ತಾರೆ. ಕಲ್ಲುಗಳು ಒಂದೇ ಸಾಲಿನಲ್ಲಿದ್ದರೆ ಸುರಂಗವೂ ನೇರ. ಸುರಂಗ ವಾರೆ ಹೋಗದಂತೆ ನೋಡುವ ಈ ಕೆಲಸ ಮದುವೆಯಾದಂದಿನಿಂದ ಇವರದು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಹೊಗಳಿಕೆಯೆಲ್ಲ ಶಂಭುವಿಗೆ. ಇವರನ್ನು ಬುತ್ತಿ ತಂದವರೆಂದೇ ಜನ ತಿಳಿಯುತ್ತಾರೆ. ನಾನೂ ಶಂಭುವನ್ನು ನೋಡಲೆಂದೇ ಬಂದವನು!

ಕಳೆದ ಬೇಸಿಗೆಯಲ್ಲಿ ವೇಣೂರಿನ ಹತ್ತಿರ ಸುರಂಗದ ನಡುವೆ ಮಣ್ಣು ಕುಸಿದು ಶಂಭು ಒಳಗೆ ಸಿಕ್ಕಿಬಿದ್ದರು. ನೀಲಾವತಿ ಮೇಲೆ ಕೆನ್ನೆಯಿಟ್ಟರೆ ಏನೂ ಇಲ್ಲ. "ಬಡಿತ ಇಲ್ಲ ಅಂದ್ರೆ ಜೀವ ಇಲ್ಲ ಅಂತಲೇ ನಮ್ಮ ಲೆಕ್ಕ." ಹೆಣವನ್ನಾದರೂ ತೆಗೆಯೋಣವೆಂದು ಊರವರು ಜೆಸಿಬಿ ತರಿಸಿದರು.

ಅಷ್ಟೂ ಹೊತ್ತು ಶಂಭು ಬಡಿಯುತ್ತಲೇ ಇದ್ದರಂತೆ! ಅಲ್ಲಿ ಅವರ ತಲೆಯ ಮೇಲೆ ಮುರಕಲ್ಲೆಂಬ ಕೆಂಪುಕಲ್ಲು, ಜೇಡಿಮಣ್ಣು, ಪುಡಿಗಲ್ಲು, ಮತ್ತೆ ಜೇಡಿ. ದಪ್ಪ ತೆಳು ಎಂಬ ಕ್ರಮವೇ ಇಲ್ಲದ ಪದರಗಳು. ಅಂಥ ಕಡೆ ಕಂಪನ ಪ್ರತಿ ಪದರದ ಅಂಚಿನಲ್ಲೂ ಅಷ್ಟಿಷ್ಟು ಹಿಂದಕ್ಕೆ ಮರಳುತ್ತದೆ, ಮರಳಿದ್ದು ಮತ್ತೆ ತಾಗಿ ಮರಳುತ್ತದೆ, ಕೊನೆಗೆ ಹುಟ್ಟಿದಲ್ಲೇ ಸಿಕ್ಕಿಕೊಳ್ಳುತ್ತದೆ ಎಂದು ಮೂಡುಬಿದಿರೆಯ ಭೌತಶಾಸ್ತ್ರ ಉಪನ್ಯಾಸಕಿ ನಿಖಿತಾ ನನಗೆ ವಿವರಿಸಿದರು. ಶಂಭುವಿನಂತೆ ಅವರ ಬಡಿತವೂ ಒಳಗೇ ಬಂದಿ.

ಜೆಸಿಬಿ ಗುಡ್ಡ ಹತ್ತುವಾಗ ನೀಲಾವತಿ ಸುರಂಗದ ಬಾಯಿಗೆ ಓಡಿ ನೆಲಕ್ಕೆ ಬಿದ್ದರು. ಆ ನೆಲ, ಒಡಕಿಲ್ಲದೆ ಶಂಭುವಿನ ಕಾಲಡಿಯವರೆಗೂ ಹೋಗಿದ್ದ ಒಂದೇ ಗಟ್ಟಿ ಪದರ. "ಬುದ್ಧಿವಂತಿಕೆ ಎಂತದ್ದೂ ಇಲ್ಲ. ಅಳ್ಲಿಕ್ಕೆ ಬಿದ್ದದ್ದು ನಾನು. ಮೂರು ಬಡಿತ ಕೆನ್ನೆಗೆ ತಾಗಿತು!"

"ಜೀವ ಉಂಟು, ನಿಲ್ಲಿಸಿ!" ಎಂದು ಕೂಗುತ್ತಾ ಹೋಗಿ ಜೆಸಿಬಿಗೆ ಅಡ್ಡ ನಿಂತರು. ಮೇಲಿನಿಂದ ಅಗೆದಿದ್ದರೆ ಉಳಿದ ಮಣ್ಣೂ ಶಂಭುವಿನ ಮೇಲೆ ಬೀಳುತ್ತಿತ್ತು. ಊರವರು ಬಾಯಿಯ ಕಡೆಯಿಂದ ಕೈಯಲ್ಲೇ ಮಣ್ಣು ತೆಗೆದು, ಸಂಜೆಗೆ ಅವರನ್ನು ಹೊರಗೆಳೆದರು.

ಈಗ ಶಂಭು ಮತ್ತೆ ಒಳಗೆ, ಇವರು ಮತ್ತೆ ಮೇಲೆ. ನಿಮಗೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಕೆನ್ನೆಯ ಕೆಂಪು ಮಣ್ಣು ಒರೆಸಿಕೊಂಡು ನಗುತ್ತಾರೆ.

"ಒಂದು ದಿನ ನಾನು ಒಳಗೆ ಹೋಗ್ತೇನೆ, ಇವರು ಮೇಲೆ ಮಲಗಲಿ. ನಾನು ಸ್ವಲ್ಪ ತಡ ಮಾಡಿ ಬಡೀತೇನೆ."